ಪಟ್ಟಿಯಲ್ಲಿಲ್ಲದ ತೂತು

ಗಾಳಿ ಪುಕ್ಕಟೆ ಎನ್ನುವವರನ್ನು ಒಂದು ದಿನ ತಂದು ನಮ್ಮ ಫೌಂಡ್ರಿಯ ಕಂಪ್ರೆಸರ್ ರೂಮಿನಲ್ಲಿ ನಿಲ್ಲಿಸಬೇಕು. ಮೂರು ಯಂತ್ರಗಳು, ಒಂದೊಂದೂ ಎಮ್ಮೆಯಷ್ಟು ದಪ್ಪ, ಹೊರಗಿನ ಗಾಳಿಯನ್ನು ಎಳೆದು, ಏಳು ಪಟ್ಟು ಒತ್ತಿ, ಪೈಪಿಗೆ ತುರುಕುತ್ತವೆ. ಆ ಗಾಳಿಯಿಂದಲೇ ಗ್ರೈಂಡರು ತಿರುಗುತ್ತದೆ, ಸುತ್ತಿಗೆ ಬಡಿಯುತ್ತದೆ, ಅಚ್ಚಿನ ಮರಳು ಹಾರುತ್ತದೆ. ಹಾಗೆ ಒತ್ತಿದ ಗಾಳಿಯಲ್ಲಿ ಮೂರನೆಯ ಒಂದು ಪಾಲು ಯಾವ ಕೆಲಸವನ್ನೂ ಮಾಡದೆ, ಸವೆದ ವಾಷರು, ಬಿರಿದ ರಬ್ಬರು, ಸಡಿಲ ಜಾಯಿಂಟುಗಳಿಂದ ಬುಸ್ ಎಂದು ಹೊರಟುಹೋಗುತ್ತಿತ್ತು. ತೂತಿನ ಕೊಡಕ್ಕೆ ನೀರು ತುಂಬುವ ಕೆಲಸ. ಅದಕ್ಕಾಗಿ ಇಪ್ಪತ್ತೆಂಟು ವರ್ಷ ಸಂಬಳ ತಿಂದವನು ನಾನು, ಶಿವಪುತ್ರ. ನನ್ನ ಎಡಗಿವಿಯನ್ನು ಆ ಯಂತ್ರಗಳೇ ತಿಂದಿವೆ. ಹಾಗಾಗಿ ಲೆಕ್ಕ ಚುಕ್ತಾ.

ಸರಕಾರ ಗಾಳಿ ಕಾನೂನು ತಂದದ್ದು ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ. ಕರೆಂಟು ಸಾಲದೆ ನಾಡೆಲ್ಲ ಬೆವರುತ್ತಿದ್ದ ಕಾಲ ಅದು. ಇನ್ನು ಮೇಲೆ ಯಾವ ಕಾರ್ಖಾನೆಯಲ್ಲೂ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಗಾಳಿ ಸೋರಕೂಡದು, ಸೋರಿದರೆ ಬಾಗಿಲಿಗೆ ಬೀಗ ಎಂದರು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮಾಲೀಕರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತರು. ಒಂದು ತೂತು ಮುಚ್ಚಿದರೆ ಎರಡು ಹುಟ್ಟುತ್ತವೆ, ಇದನ್ನು ನನ್ನಷ್ಟು ಬಲ್ಲವರು ಯಾರು?

ಆಗ ಬಂದವಳು ದೀಪಾಲಿ ಮೇಡಂ. ಬೆಂಗಳೂರಿನ ಯಾವುದೋ ಪ್ರಯೋಗಾಲಯದಲ್ಲಿ ಆರು ವರ್ಷ ಕೂತು ಒಂದು ಪುಡಿ ಮಾಡಿದ್ದಳು. ಅದಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರು, ನಾವು 'ಇರುವೆ' ಎಂದೆವು. ಅದನ್ನು ಕಂಪ್ರೆಸರಿನ ಟಾಕಿಗೆ ಹಾಕಿದರೆ ಗಾಳಿಯ ಜೊತೆ ಪೈಪುಗಳ ತುಂಬ ಹರಿದಾಡುತ್ತದೆ. ಸಣ್ಣ ತೂತಿನಿಂದ ಗಾಳಿ ನುಗ್ಗುವಾಗ ಮನುಷ್ಯರ ಕಿವಿಗೆ ಕೇಳಿಸದ ಒಂದು ಕೀರಲು ಹುಟ್ಟುತ್ತದಂತೆ. ಆ ಕೀರಲಿಗೆ ಪುಡಿಯ ಕಣಗಳು ನಡುಗಿ, ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಬೆಲ್ಲ ಕಂಡ ಇರುವೆಗಳ ಹಾಗೆ ತೂತಿಗೆ ಮುತ್ತಿಕೊಂಡು ಕಲ್ಲಾಗುತ್ತವೆ. ಹತ್ತು ಎಣಿಸುವುದರೊಳಗೆ ಬೆರಳು ತೂರುವಷ್ಟು ದೊಡ್ಡ ತೂತನ್ನು ಮುಚ್ಚಿ ತೋರಿಸಿದಳು. ನಾನು ಬಾಯಿಬಿಟ್ಟು ನೋಡಿದೆ. ನನ್ನ ಮೂವರು ಹೆಲ್ಪರುಗಳ ಹತ್ತು ವರ್ಷದ ಕೆಲಸ ಒಂದು ಬೊಗಸೆ ಪುಡಿಯಲ್ಲಿತ್ತು.

"ಹಂಗಾರ ಗ್ರೈಂಡರಿನ ಬಾಯೀನೂ ಮುಚ್ಚತಾವಲ್ರೀ ಮೇಡಂ?" ಎಂದು ಕೇಳಿದೆ.

"ಅದಕ್ಕೇ ಇದು" ಎಂದು ಆಕೆ ಚೀಲದಿಂದ ಒಂದು ತಾಮ್ರದ ಉಂಗುರ ತೆಗೆದಳು. "ಗಾಳಿ ಎಲ್ಲಿ ಬೇಕೋ ಆ ಬಾಯಿಗೆ ಇದನ್ನು ಹಾಕಬೇಕು. ಇದು ಆ ಕೀರಲನ್ನು ಅಡಗಿಸುತ್ತೆ, ಕಣಗಳು ಅಲ್ಲಿ ಸುಮ್ಮನೆ ದಾಟಿ ಹೋಗುತ್ತವೆ. ಉಂಗುರ ಇಲ್ಲದ ಕಡೆ ಮಾತ್ರ ಮುಚ್ಚುತ್ತವೆ."

ನಮ್ಮ ಕೋರ್ ವಿಭಾಗದ ಹೆಂಗಸರು ಅದನ್ನು ನೋಡಿ ಬಳೆ ಎಂದರು. ಪೈಪಿಗೂ ಬಳೆ ತೊಡಿಸುವ ಕಾಲ ಬಂತಲ್ಲ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ ಕಸ್ತೂರಿ.

ಕೋರ್ ಎಂದರೇನೆಂದು ಹೇಳಬೇಕು. ಪಂಪಿನಂಥ ಪೊಳ್ಳು ಸಾಮಾನು ಎರಕ ಹೊಯ್ಯುವಾಗ ಪೊಳ್ಳು ಉಳಿಯಬೇಕಾದ ಜಾಗಕ್ಕೆ ಮರಳಿನ ಗಟ್ಟಿ ಮುದ್ದೆಯನ್ನು ಇಡುತ್ತಾರೆ, ಅದೇ ಕೋರು. ಮರಳಿಗೆ ಅಂಟು ಕಲಸಿ, ಅಚ್ಚಿಗೆ ತುಂಬಿ, ಅದರೊಳಗೆ ಗ್ಯಾಸು ಬಿಟ್ಟರೆ ಗಳಿಗೆಯಲ್ಲಿ ಕಲ್ಲಾಗುತ್ತದೆ. ಸೋಡಾ ಬಾಟಲಿಯಿಂದ ಹೊರಡುತ್ತದಲ್ಲ, ಅದೇ ಗ್ಯಾಸು. ವಾಸನೆ ಇಲ್ಲ, ಬಣ್ಣ ಇಲ್ಲ. ಆದರೆ ಗಾಳಿಗಿಂತ ಭಾರ, ತಗ್ಗಿಗೆ ಇಳಿದು ಕೂಡುತ್ತದೆ, ಕೂಡಿದಲ್ಲಿ ಉಸಿರು ಕಟ್ಟಿಸುತ್ತದೆ. ನಮ್ಮಲ್ಲಿ ದೊಡ್ಡ ಕೋರುಗಳನ್ನು ಮಾಡುವುದು ಒಂದಾಳು ಆಳದ ಕುಣಿಯಲ್ಲಿ. ಕ್ರೇನಿನಿಂದ ಎತ್ತಲು ಅದೇ ಅನುಕೂಲ ಎಂದು ಹಳೆಯ ಮಾಲೀಕರು ತೋಡಿಸಿದ್ದರು. ಆ ಕುಣಿಯಲ್ಲಿ ಹೆಂಗಸರು ಕುಳಿತು ದಿನವಿಡೀ ಗ್ಯಾಸು ಬಿಡುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಕಸ್ತೂರಿ ಆ ಕುಣಿಗೆ ಇಳಿದ ಹೊಸತರಲ್ಲಿ ದಿನಾ ಸಂಜೆ ತಲೆನೋವೆಂದು ಮಲಗುತ್ತಿದ್ದಳು. ಫ್ಯಾನು ಹಾಕಿಸಿರೆಂದು ಮ್ಯಾನೇಜರಿಗೆ ಮೂರು ಸಲ ಹೇಳಿದೆ. ಫ್ಯಾನು ಹಾಕಿದರೆ ಮರಳು ಹಾರುತ್ತದೆ ಎಂದರು. ನಾಲ್ಕನೆಯ ಸಲ ನಾನು ಹೇಳಲಿಲ್ಲ. ಒಂದು ರವಿವಾರ, ಯಂತ್ರ ತೊಳೆಯುವ ನೆವ ಮಾಡಿಕೊಂಡು ಬಂದು, ಕುಣಿಯ ಒಳಗೋಡೆಗುಂಟ ಹೋಗುವ ಪೈಪಿಗೆ, ಕುಣಿಯೊಳಗೆ ಹೊಸ ಗಾಳಿ ಬರಲೆಂದು, ಮೂರು ಮಿಲಿಮೀಟರಿನ ತೂತು ಕೊರೆದೆ. ಸೋಮವಾರದಿಂದ ಅವಳ ತಲೆನೋವು ನಿಂತಿತು. ಮದುವೆಯಲ್ಲಿ ನಾನು ಅವಳಿಗೆ ಬಂಗಾರ ಹಾಕಿದವನಲ್ಲ. ಹಾಕಿದ್ದು ಅದೊಂದು ತೂತು. ಅದರಿಂದ ಐದು ಹಾರ್ಸ್‌ಪವರಿನ ಮೋಟಾರು ಓಡುವಷ್ಟು ಕರೆಂಟು ಹಾಳಾಗುತ್ತದೆಂದು ನನಗೆ ಗೊತ್ತಿತ್ತು. ಹಾಳಾಗಲಿ ಎಂದುಕೊಂಡೆ, ಇವತ್ತಿಗೂ ಹಾಗೇ ಅನ್ನುತ್ತೇನೆ.

ತಪಾಸಣೆಯವರು ಬಂದರೆ ಮಾತ್ರ ತೂತು ಬುಸುಗುಟ್ಟಬಾರದು. ಅದಕ್ಕೆ ಕಂಬದ ಹಿಂದೆ ಒಂದು ಸಣ್ಣ ಕಾಕು, ನಲ್ಲಿಯಂಥದ್ದು, ಕೂಡಿಸಿದ್ದೆ. ಸಾಹೇಬರ ಕಾರು ಗೇಟಿಗೆ ಬಂದಿತೆಂದರೆ ಕಾಕು ತಿರುವಿ ಗಾಳಿ ನಿಲ್ಲಿಸುವುದು, ಅವರು ಹೋದ ಮೇಲೆ ಬಿಡುವುದು. ಆಗ ಹೆಂಗಸರು ಗ್ಯಾಸಿನ ಕೆಲಸ ನಿಲ್ಲಿಸಿ ಮರಳು ಕಲಸುತ್ತ ಕೂರುತ್ತಿದ್ದರು. ಗಾಳಿ ನಿಂತಿತೆಂದರೆ ಶಿವಪುತ್ರಣ್ಣ ಮುಚ್ಚಿದ್ದಾನೆ, ಅರ್ಧ ತಾಸಿನಲ್ಲಿ ಬಿಡುತ್ತಾನೆ. ಹತ್ತೊಂಬತ್ತು ವರ್ಷ ಇದು ಒಮ್ಮೆಯೂ ತಪ್ಪಲಿಲ್ಲ.

ದೀಪಾಲಿ ಮೇಡಂ ಗಾಳಿ ಬಾಯಿಗಳ ಪಟ್ಟಿ ಬರೆಯಲು ಹೇಳಿದ್ದು ನನಗೆ. ನಾನು ಇನ್ನೂರ ಹದಿನಾಲ್ಕು ಬಾಯಿಗಳನ್ನು ಬರೆದೆ. ಆಕೆ ಒಂದೊಂದನ್ನೂ ನೋಡಿ ಕೊನೆಗೆ ಕೇಳಿದಳು:

"ಶಿವಪುತ್ರ ಅವರೇ, ಬೇಕಂತಲೇ ಗಾಳಿ ಬಿಟ್ಟುಕೊಂಡಿರೋ ಜಾಗ ಬೇರೆ ಎಲ್ಲಾದ್ರೂ ಇದೆಯಾ? ನಾನು ಯಾರಿಗೂ ಹೇಳಲ್ಲ. ಒಂದು ಉಂಗುರ ಹಾಕಿಬಿಡ್ತೀನಿ, ಅಷ್ಟೇ."

"ಛೇ ಛೇ, ಇಲ್ರೀ ಮೇಡಂ" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಅವಸರ ನನ್ನ ದನಿಯಲ್ಲಿತ್ತು. ಆಕೆಗೆ ಅದು ತಿಳಿಯಲಿಲ್ಲ. ತನ್ನ ಕಿವಿಯಂಥ ಯಂತ್ರ ಹಿಡಿದು ಕುಣಿಯ ಸುತ್ತ ತಿರುಗಿ ನೋಡಿದಳು. ನಾನು ಕಾಕು ಮುಚ್ಚಿದ್ದೆ. ಅಲ್ಲಿ ಏನೂ ಕೇಳಿಸಲಿಲ್ಲ.

ಆ ಸಂಜೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು, ನಾನು ಹೆಂಚಿನ ಪಕ್ಕ ಕುಳಿತು ಬಿಸಿ ರೊಟ್ಟಿಗೆ ಕಾಯುತ್ತಿದ್ದೆ.

"ರೀ, ಆ ಇರಿವಿ ನಮ್ಮ ತೂತು ಮುಚ್ಚೂದಿಲ್ಲೇನು?" ಎಂದಳು.

"ಅದು ಬಾಯಿಪಟ್ಟಿಯೊಳಗೂ ಇಲ್ಲ, ಸೋರಿಕೆಪಟ್ಟಿಯೊಳಗೂ ಇಲ್ಲ. ಪಟ್ಟಿಯೊಳಗ ಇಲ್ಲದ್ದು ಲೋಕದಾಗ ಇಲ್ಲ."

"ಇರಿವಿಗೆ ಪಟ್ಟಿ ಓದಾಕ ಬರತೈತೇನು?"

ನಾನು ನಕ್ಕೆ. ಅವಳೂ ನಕ್ಕಳು. ನೋಡಿ, ನನ್ನ ಹೆಂಡತಿ ನಾಲ್ಕನೆಯ ಇಯತ್ತೆ ಓದಿದವಳು. ಆ ಪುಡಿಯ ಸ್ವಭಾವ ಅವಳಿಗೆ ಒಂದೇ ಮಾತಿನಲ್ಲಿ ತಿಳಿದಿತ್ತು. ನನಗೆ ತಿಳಿದಿದ್ದು ಇಪ್ಪತ್ತೆಂಟು ವರ್ಷದ ತಪಾಸಣೆ. ಬಂದವರೆಲ್ಲ ಪಟ್ಟಿ ನೋಡುತ್ತಾರೆ, ಪಟ್ಟಿಯಲ್ಲಿದ್ದುದಕ್ಕೆ ಟಿಕ್ಕು ಹಾಕುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಪಟ್ಟಿಯ ಆಚೆಗೆ ಕೈ ಹಾಕಿದ ಒಬ್ಬನನ್ನೂ ನಾನು ನೋಡಿರಲಿಲ್ಲ. ಪುಡಿಯೂ ಒಬ್ಬ ಸಾಹೇಬನೇ ಎಂದು ತಿಳಿದ ಮಹಾ ಬುದ್ಧಿವಂತ ನಾನು.

ಮುಂದಿನ ಗುರುವಾರ ಪುಡಿ ಹಾಕುವ ಮುಹೂರ್ತ. ಬೆಂಗಳೂರಿನಿಂದ ಏಳು ಜನ ಸಾಹೇಬರು ಬಂದರು. ನನ್ನ ಕಂಪ್ರೆಸರ್ ರೂಮಿನ ಪಕ್ಕದಲ್ಲಿ ಗಾಜಿನ ಕಂಟ್ರೋಲ್ ರೂಮು ಕಟ್ಟಿ, ಗೋಡೆಯಷ್ಟು ದೊಡ್ಡ ಪರದೆ ಹಚ್ಚಿದ್ದರು. ಎಲ್ಲೆಲ್ಲಿ ತೂತು ಮುಚ್ಚಿತೆಂದು ಅದಕ್ಕೆ ತಿಳಿಸಲು ಪೈಪುಗಳ ಉದ್ದಕ್ಕೂ ಕಿವಿಯಂಥ ಯಂತ್ರಗಳನ್ನು ಕೂಡಿಸಿದ್ದರು. ಸಾಹೇಬರು ಕೆಲಸ ನಡೆಯುವುದನ್ನೇ ನೋಡಬೇಕಂತೆ, ಆದ್ದರಿಂದ ಒಂದು ವಿಭಾಗವೂ ನಿಲ್ಲಬಾರದು, ಯಾರೂ ಜಾಗ ಬಿಟ್ಟು ಏಳಬಾರದು ಎಂದು ಫೋರ್‌ಮನ್ ಮಹಾವೀರ ಬೆಳಿಗ್ಗೆಯೇ ಕೂಗಿ ಹೇಳಿದ. ಕುಣಿಗೂ ಹೇಳಿದ. ಅಲ್ಲಿ ಅಂದು ಕಸ್ತೂರಿ, ಮುದುಕಿ ಲಗಮವ್ವ, ಆರು ತಿಂಗಳ ಹಿಂದೆ ಸೇರಿದ್ದ ತಸ್ಲೀಮಾ ಎಂಬ ಹುಡುಗಿ, ಮೂವರಿದ್ದರು. ಗ್ಯಾಸು ನಿಲ್ಲಿಸುವ ಹಾಗಿಲ್ಲ ಎಂದಮೇಲೆ ನಾನೂ ಒಂದು ನಿರ್ಧಾರ ಮಾಡಿದೆ. ಸಾಹೇಬರು ಬಂದರೂ ಇವತ್ತು ಕಾಕು ಮುಚ್ಚುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಷ್ಟು ಧೈರ್ಯ ಮಾಡಿದೆ. ಅದನ್ನು ಕಸ್ತೂರಿಗೆ ಹೇಳಲಿಲ್ಲ, ಹೇಳಬೇಕೆಂದು ಹೊಳೆಯಲೂ ಇಲ್ಲ.

ಒಂಬತ್ತೂವರೆಗೆ ದೀಪಾಲಿ ಮೇಡಂ ಪುಡಿಯನ್ನು ಟಾಕಿಗೆ ಸುರಿದಳು. ಪರದೆಯ ನಡುವೆ ದೊಡ್ಡ ಅಂಕಿ: ಮೂವತ್ತೊಂದು. ನೂರಕ್ಕೆ ಮೂವತ್ತೊಂದು ಪಾಲು ಸೋರಿಕೆ. ಹತ್ತು ನಿಮಿಷದಲ್ಲಿ ಅದು ಇಪ್ಪತ್ತಾರಾಯಿತು. ಹತ್ತು ಗಂಟೆಗೆ ಹದಿನೈದು. ನಾನು ಉಸಿರು ಬಿಗಿಹಿಡಿದು ನೋಡುತ್ತ ನಿಂತಿದ್ದೆ. ನನ್ನ ಜೀವಮಾನದ ಸೋಲುಗಳನ್ನು ಯಾರೋ ಒಂದೊಂದಾಗಿ ಅಳಿಸುತ್ತಿರುವಂತಿತ್ತು. ಹತ್ತೂಕಾಲಿಗೆ ಅಂಕಿ ಎಂಟಕ್ಕೆ ಇಳಿಯಿತು, ಇದ್ದಕ್ಕಿದ್ದಂತೆ ನನ್ನ ಮೂರನೆಯ ಕಂಪ್ರೆಸರು ತಾನಾಗಿಯೇ ನಿಂತಿತು. ಇನ್ನು ಅದರ ಅಗತ್ಯವೇ ಇಲ್ಲ! ಸಾಹೇಬರು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಮಾಲೀಕರು ಎಲ್ಲರಿಗೂ ಕುಂದಾ ಹಂಚಿಸಿದರು. ಒಬ್ಬ ಸಾಹೇಬರು ಭಾಷಣ ಮಾಡಿದರು. ನನ್ನ ಕೈಯಲ್ಲಿ ಕುಂದಾದ ಬಟ್ಟಲಿತ್ತು. ಭಾಷಣ ಬೇಸರವಾಗಿ ಪರದೆಯ ಬಲಬದಿಗೆ ಕಣ್ಣು ಹಾಯಿಸಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಮುಚ್ಚಿದ ತೂತುಗಳ ಸಾಲು ಏರುತ್ತಿತ್ತು. ನನ್ನ ಹಳೆಯ ವೈರಿಗಳ ಹೆಸರು ಓದುವಂತೆ ಓದುತ್ತ ಹೋದೆ. ಗ್ರೈಂಡಿಂಗ್ ಶೆಡ್, ನಾಲ್ಕನೆಯ ಜಾಯಿಂಟು. ಅಚ್ಚಿನ ವಿಭಾಗ, ರಬ್ಬರು ಪೈಪು.

ಕೋರ್ ಕುಣಿ, ಉತ್ತರ ಗೋಡೆ, ಮೂರು ಮಿಲಿಮೀಟರ್. ಮುಚ್ಚಿದೆ. ಹತ್ತು ಗಂಟೆ ಆರು ನಿಮಿಷ.

ಎರಡು ಸಲ ಓದಿದೆ. ಗೋಡೆಯ ಗಡಿಯಾರದಲ್ಲಿ ಹತ್ತು ನಲವತ್ತೆಂಟು. ಕುಂದಾದ ಬಟ್ಟಲು ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ.

"ಕುಣಿ! ಕುಣಿಯಾಗಿನ ಗಾಳಿ!" ಎಂದು ಕೂಗುತ್ತ ಓಡಿದೆ. ಇನ್ನೂರು ಹೆಜ್ಜೆಯ ದಾರಿ. ಹಿಂದಿನಿಂದ ಮಹಾವೀರ, ದೀಪಾಲಿ, ಇನ್ನೂ ಯಾರೋ ಓಡಿಬಂದರು.

ಲಗಮವ್ವ ಏಣಿಯ ನಡುವಿನ ಮೆಟ್ಟಿಲಿಗೆ ಎದೆ ಒರಗಿಸಿ, ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಕಸ್ತೂರಿ ಮತ್ತು ತಸ್ಲೀಮಾ ಕೆಳಗೆ ಮರಳಿನ ಮೇಲೆ ಬಿದ್ದಿದ್ದರು. ಗ್ಯಾಸಿನ ಕೊಳವೆ ಇನ್ನೂ ಬಿಡುತ್ತಲೇ ಇತ್ತು. ಸಿಲಿಂಡರು ಮೇಲೆಯೇ ಇತ್ತು, ಅದನ್ನು ಮೊದಲು ಮುಚ್ಚಿದೆ. ಮಹಾವೀರ ಲಗಮವ್ವನನ್ನು ಮೇಲಕ್ಕೆ ಎಳೆದುಹಾಕಿ, ತಾನು ಕುಣಿಗೆ ಧುಮುಕಲು ಹೊರಟ. ನಾನು ಅವನ ಸೊಂಟ ಹಿಡಿದು ಹಿಂದಕ್ಕೆ ಕೆಡವಿದೆ. ಇಳಿದವರು ಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೆಳಗೆ ಬಿದ್ದವಳು ನನ್ನ ಹೆಂಡತಿ, ಇಳಿಯಬೇಡ ಎಂದವನು ನಾನು. ಆ ಗಳಿಗೆಯನ್ನು ಯಾವ ವೈರಿಗೂ ದೇವರು ಕೊಡದಿರಲಿ.

ಗಾಳಿ ಬೇಕಿತ್ತು. ಗಾಳಿಯ ಪೈಪು ಅಂಚಿನಲ್ಲೇ ಹಾದುಹೋಗಿತ್ತು. ಪಾನಾ ಹಚ್ಚಿ ಜಾಯಿಂಟು ಸಡಿಲಿಸಿದೆ. ಏಳು ಪಟ್ಟು ಒತ್ತಿದ ಗಾಳಿ ಕಿರುಚುತ್ತ ಕುಣಿಯೊಳಗೆ ನುಗ್ಗಿತು. "ಬಂತು, ಬಂತು" ಎಂದ ಮಹಾವೀರ. ಹತ್ತು ಎಣಿಸುವುದರೊಳಗೆ ಕಿರುಚಾಟ ಸಣ್ಣದಾಯಿತು, ಸಿಳ್ಳಾಯಿತು, ನಿಂತಿತು. ಜಾಯಿಂಟಿನ ಸುತ್ತ ಬೂದುಬಣ್ಣದ ಕಲ್ಲು ಕಟ್ಟಿತ್ತು. ಸುತ್ತಿಗೆಯಿಂದ ಹೊಡೆದು ಒಡೆದೆ. ಮತ್ತೆ ಗಾಳಿ ಬಂತು, ಮತ್ತೆ ನಿಂತಿತು. ಮೂರು ಸಲ ಹಾಗಾಯಿತು. ಎರಡು ಕಂಪ್ರೆಸರುಗಳು ಗುಡುಗುತ್ತಿವೆ, ಪೈಪಿನ ತುಂಬ ಗಾಳಿ ಇದೆ, ನನ್ನ ಕಣ್ಣೆದುರಿಗೆ ಹೆಂಡತಿ ಉಸಿರಿಲ್ಲದೆ ಬಿದ್ದಿದ್ದಾಳೆ! ನಾನು ಆ ಪೈಪನ್ನು ಬಾಯಿಗೆ ಬಂದಂತೆ ಬೈಯುತ್ತ ಹೊಡೆಯುತ್ತಿದ್ದೆ.

"ಅಲ್ಲಿ ಬೇಡ! ಉಂಗುರ ಇರೋ ಬಾಯಿಂದ ಬಿಡಿ! ಗ್ರೈಂಡರ್ ಪೈಪು ತನ್ನಿ!" ದೀಪಾಲಿಯ ಗಂಟಲು ಹರಿದಿತ್ತು.

ಅದು ನನಗೆ ಹೊಳೆಯಬೇಕಿತ್ತು. ಇನ್ನೂರ ಹದಿನಾಲ್ಕು ಬಾಯಿಗಳ ಪಟ್ಟಿ ಬರೆದವನು ನಾನಲ್ಲವೇ? ಪಕ್ಕದ ಶೆಡ್ಡಿನ ಗ್ರೈಂಡರಿನವರು ಉಪಕರಣ ಕಳಚಿ, ಬಾಯಿಗೆ ಉಂಗುರವಿದ್ದ ರಬ್ಬರು ಪೈಪುಗಳನ್ನು ಎಳೆದು ತಂದರು. ಹನ್ನೆರಡು ಪೈಪು ಕುಣಿಗೆ ಇಳಿಬಿಟ್ಟೆವು. ಮರಳು ಎದ್ದು ಹಾರಿತು, ಏನೂ ಕಾಣಿಸದಾಯಿತು. ಮಹಾವೀರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಒಂದು ಪೈಪನ್ನು ಮುಖದ ಹತ್ತಿರವೇ ಹಿಡಿದುಕೊಂಡು ಇಳಿದ. ಕಸ್ತೂರಿ ಮೊದಲು ಬಂದಳು. ಆಮೇಲೆ ತಸ್ಲೀಮಾ.

ಕಸ್ತೂರಿಯ ಎದೆ ಒತ್ತಿದಾಗ ಕೆಮ್ಮಿದಳು. ತಸ್ಲೀಮಾಳ ಎದೆಯನ್ನು ದೀಪಾಲಿ ಒತ್ತಿದಳು, ಮಹಾವೀರ ಒತ್ತಿದ, ಆಂಬ್ಯುಲೆನ್ಸಿನವನು ಒತ್ತಿದ. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಅವಳು ಕೆಮ್ಮಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಕಸ್ತೂರಿ ಮಾತಾಡಲಿಲ್ಲ. ಅವಳ ಮೂಗಿಗೆ ಕೊಳವೆ, ಕೈಗೆ ಸಲಾಯಿನ್ನು. ನಾನು ಸ್ಟೂಲಿನ ಮೇಲೆ ಕುಳಿತಿದ್ದೆ. ಮನೆಗೆ ಹೋಗಿ ಬಟ್ಟೆ ಬದಲಿಸಿ ಬನ್ನಿ ಎಂದು ನರ್ಸಮ್ಮ ಹೇಳಿದರೆ ಕೇಳಿಸದವನ ಹಾಗೆ ಇದ್ದೆ. ಕಿವುಡನಿಗೆ ಅಷ್ಟಾದರೂ ಅನುಕೂಲ ಇದೆ.

ಮೂರನೆಯ ದಿನ ಬೆಳಿಗ್ಗೆ ದೀಪಾಲಿ ಬಂದಳು. ವರಾಂಡದಲ್ಲಿ ನಿಂತು, ನನ್ನ ಮುಖ ನೋಡಲಾರದೆ ಗೋಡೆಯನ್ನು ನೋಡುತ್ತ ಮಾತಾಡಿದಳು.

"ನಾಳೆ ವಿಚಾರಣೆ ಇದೆ. ಕಾಕು ತೆರೆದೇ ಇತ್ತು, ಮುಚ್ಚಿದ್ದು ಪುಡಿ, ಅನ್ನೋದಕ್ಕೆ ದಾಖಲೆ ಇದೆ. ನಾನು ಅದನ್ನೇ ಹೇಳ್ತೀನಿ. ಆ ತೂತಿಗೆ ಒಂದು ಉಂಗುರ ಹಾಕಿದ್ರೆ ಸಾಕಿತ್ತು. ಒಂದೇ ಒಂದು. ನೀವು ಯಾಕೆ ಹೇಳಲಿಲ್ಲ?"

"ಹೆದರಿದೆ, ತಾಯಿ" ಎಂದೆ. ಅವಳು ಅಳುತ್ತ ಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಒಳಗೆ ಬಂದಾಗ ಕಸ್ತೂರಿ ಕಣ್ಣು ತೆರೆದಿದ್ದಳು. ತಸ್ಲೀಮಾ ಇಲ್ಲ ಎನ್ನುವುದನ್ನು ಪಕ್ಕದ ಹಾಸಿಗೆಯವರ ಮಾತಿನಿಂದ ಆಗಲೇ ತಿಳಿದುಕೊಂಡಿದ್ದಳು. ನನ್ನನ್ನು ಹತ್ತಿರ ಕರೆದಳು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಬಲಗಿವಿಯನ್ನು ಅವಳ ಬಾಯಿಯ ಹತ್ತಿರ ತರಬೇಕಾಯಿತು.

"ಗಾಳಿ ನಿಂತಿದ್ದು ನಾನ ಮದ್ಲ ನೋಡಿದ್ನಿರೀ. ಸಾಹೇಬ್ರು ಬಂದಾರ, ನೀವು ಮುಚ್ಚೀರಿ ಅಂತ ತಿಳದ್ನಿ. ಗ್ಯಾಸು ನಿಲ್ಲಸಬ್ಯಾಡ್ರಿ ಅಂತ ಮಹಾವೀರಣ್ಣ ಹೇಳಿದ್ನಲ್ಲ, ಮಾಡಕೋತ ಕುಂತ್ವಿ. ತಸ್ಲೀಮಾ ಅಂದ್ಳು, ಅಕ್ಕಾ, ತಲಿ ಸಿಡ್ಯಾಕತ್ತೈತಿ, ಮ್ಯಾಲ ಹೋಗೂಣು ಅಂತ. ನಾ ಅಂದ್ನಿ, ಹುಚ್ಚಿ, ನಮ್ಮನಿಯವರು ಮ್ಯಾಲ ಅದಾರ, ಈಗ ಬಿಡತಾರ ತಡಿ ಅಂತ."

ಮೂಗಿನ ಕೊಳವೆ ಸರಿಮಾಡಿಕೊಂಡಳು.

"ಎರಡನೇ ಸಲ ಆಕಿ ಎದ್ದು ಏಣಿ ಹಿಡದಿದ್ಳು. ನಾನ ಕೈ ಹಿಡದು ಜಗ್ಗಿ ಕುಂಡ್ರಿಸಿದ್ನಿ. ಹತ್ತೊಂಬತ್ತ ವರ್ಷಾತು, ಒಂದ ದಿನ ತಪ್ಪಿಲ್ಲ, ಕುಂದರು ಅಂದ್ನಿ. ಆಕಿ ಕುಂತ್ಳು."

ಕಸ್ತೂರಿ ನನ್ನ ಅಂಗಿಯ ತೋಳು ಹಿಡಿದಳು.

"ನೀವ ಮುಚ್ಚಿದ್ರಿ ಹೌದಲ್ರೀ?"

ಅಲ್ಲ ಎಂದು ಹೇಳಬಹುದಿತ್ತು. ಅದೇ ಸತ್ಯ, ಅದಕ್ಕೆ ದಾಖಲೆ ಇದೆ, ನಾಳೆ ವಿಚಾರಣೆಯಲ್ಲಿ ದೀಪಾಲಿ ಅದನ್ನೇ ಹೇಳುವವಳಿದ್ದಳು. ಆದರೆ ನಾನು ಮುಚ್ಚಿರಲಿಲ್ಲ ಎಂದರೆ ಬಿಡುವವರು ಮೇಲೆ ಯಾರೂ ಇರಲಿಲ್ಲ. ಏಣಿ ಹಿಡಿದಿದ್ದ ಹುಡುಗಿಯನ್ನು ನನ್ನ ಹೆಂಡತಿ ಇಲ್ಲದ ಭರವಸೆಯ ಮೇಲೆ ಎಳೆದು ಕೂರಿಸಿದಂತಾಗುತ್ತದೆ. ಉಳಿದ ಆಯುಷ್ಯವೆಲ್ಲ ಅವಳು ಆ ಕೈಯಿಂದಲೇ ರೊಟ್ಟಿ ಬಡಿಯಬೇಕು. ಮುಚ್ಚಿದ್ದು ನಾನೇ ಎಂದರೆ ಅವಳು ನಂಬಿದ್ದು ಸರಿ, ತಪ್ಪಿದವನು ನಾನೊಬ್ಬನೇ. ಅದನ್ನು ಹೊರಲು ನನಗೆ ಬರುತ್ತದೆ ಎಂದುಕೊಂಡೆ.

"ಹೌದು, ನಾನ ಮುಚ್ಚಿದ್ನಿ" ಎಂದೆ.

ಕಸ್ತೂರಿ ನನ್ನ ತೋಳು ಬಿಟ್ಟಳು.

"ಮತ್ತ ಯಾಕ ಬಿಡಲಿಲ್ಲ?" ಎಂದಳು.